ಉಪ್ಪಿನಕಾಯಿ ಎಂಬ ಹುಟ್ಟೂರು

ಮದರಾಸಿನಲ್ಲಿ ಬಾಡಿಗೆಮನೆ ಹಿಡಿಯಲು ನನ್ನ ಸೋದರಮಾವನಿಗೆ ಒಂದು ಮಧ್ಯಾಹ್ನ ಸಾಕಾಯಿತಂತೆ. ಇಮೇಲ್ ವಿಳಾಸ ಹಿಡಿಯಲು ಮಾತ್ರ ಹನ್ನೊಂದು ತಿಂಗಳು ಬೇಕಾಯಿತು! ಉತ್ಪ್ರೇಕ್ಷೆ ಎನ್ನುವಿರಾ? ಆ ಹನ್ನೊಂದು ತಿಂಗಳೂ ಅವರ ಜೊತೆಗೆ ಅಲೆದವಳು ನಾನು.

ಎರಡು ಸಾವಿರದ ಇಸವಿಯ ಆಚೀಚೆ. ಕುಂದಾಪುರದ ಕಡೆಯಿಂದ ಬಂದು, ಪ್ಯಾರೀಸ್ ಕಾರ್ನರಿನ ವಿಮಾ ಕಚೇರಿಯೊಂದರಲ್ಲಿ ಜೀವಮಾನವಿಡೀ ದುಡಿದ ಮಾವ ಆಗಷ್ಟೇ ನಿವೃತ್ತರಾಗಿದ್ದರು. ನಾನು ಮಾವ-ಅತ್ತೆಯ ಮನೆಯಲ್ಲಿದ್ದುಕೊಂಡು ಅಂಬತ್ತೂರಿನ ಕಾರ್ಖಾನೆಯೊಂದರ ಆಫೀಸಿಗೆ ಹೋಗುತ್ತಿದ್ದೆ. ಅಂಚೆಯ ವಿಷಯದಲ್ಲೂ ಮಾವ ಸಾಮಾನ್ಯರಲ್ಲ. ಲಕೋಟೆಗೆ ಗೋಂದು ಹಚ್ಚಿ, ಗೋಂದಿನ ಮೇಲೆ ಟೇಪು ಅಂಟಿಸಿ, ಟೇಪಿನ ಮೇಲೆ ಸಹಿ ಹಾಕುತ್ತಿದ್ದರು. ಅವರ ಕಾಗದ ಬಂದರೆ ಊರಲ್ಲಿ ನಮ್ಮಮ್ಮ ಅಡಕೆಕತ್ತರಿ ಹುಡುಕುತ್ತಿದ್ದಳು!

ಇಂಥವರನ್ನು ಬ್ರೌಸಿಂಗ್ ಸೆಂಟರಿಗೆ ಕರೆದುಕೊಂಡು ಹೋದದ್ದು ನನ್ನದೇ ತಪ್ಪು. ಮೊದಲ ದಿನವೇ, ಯಾರೂ ಇಣುಕಬಾರದೆಂದು ಹೆಗಲ ಟವೆಲು ತೆಗೆದು ಮಾನಿಟರಿಗೂ ತಮ್ಮ ತಲೆಗೂ ಸೇರಿಸಿ ಹೊದ್ದುಕೊಂಡರು. ಸೆಂಟರಿನ ಯಜಮಾನ ಓಡಿಬಂದ.

"ಎನ್ನ ಸಾರ್, ಜಲದೋಷಮಾ? ಆವಿ ಪಿಡಿಕ್ಕಿರೀಂಗಳಾ?"

ನೆಗಡಿಗೆ ಹಬೆ ತೆಗೆದುಕೊಳ್ಳುತ್ತಿದ್ದಾರೆಂದು ಪಾಪ ಅವನು ತಿಳಿದಿದ್ದ!

ಎಲ್ಲರೂ ಬಳಸುತ್ತಿದ್ದ ಪುಕ್ಕಟೆ ಇಮೇಲ್ ಮಾವನಿಗೆ ಹಿಡಿಸಲಿಲ್ಲ.

"ಪುಕ್ಕಟೆ ಕೊಡ್ತಾನೆ ಅಂದ್ರೆ ಅವನಿಗೆ ಎಂತ ಸಿಗ್ತದೆ? ಅದನ್ನು ಹೇಳು ಮೊದಲು."

"ಜಾಹೀರಾತು ಹಾಕ್ತಾರೆ ಮಾವ."

"ನನಗೆ ಎಂಥ ಜಾಹೀರಾತು ತೋರಿಸ್ಬೇಕು ಅಂತ ಹೇಗೆ ಗೊತ್ತಾಗ್ತದೆ? ನನ್ನ ಕಾಗದ ಓದಿಯೇ ಅಲ್ವಾ?"

ಮಾವ ಬೇರೆ ಬೇರೆ ಕಂಪನಿಗಳ ಷರತ್ತುಗಳನ್ನೆಲ್ಲ ಪ್ರಿಂಟ್ ತೆಗೆಸಿ ಊಟದ ಮೇಜಿನ ಮೇಲೆ ಹರಡಿದರು. ಒಂದು ವಾರ ನಾವು ನೆಲದ ಮೇಲೆ ಕೂತು ಉಂಡೆವು. ಆಮೇಲೆ ನನ್ನ ಪುಕ್ಕಟೆ ಖಾತೆಯಿಂದ ಐದು ಕಂಪನಿಗಳಿಗೆ ಒಂದೇ ಪ್ರಶ್ನೆ ಹೋಯಿತು: ನನ್ನ ಪತ್ರಗಳನ್ನು ನಿಮ್ಮಲ್ಲಿ ಯಾರು ಯಾರು ಓದಬಹುದು?

ನಾಲ್ಕು ಕಡೆಯಿಂದ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಯಂತ್ರದ ಉತ್ತರ. ಐದನೆಯದು ಚಂದಾ ಕೇಳುವ ಸಣ್ಣ ಕಂಪನಿ. ಅಲ್ಲಿಂದ ಮನುಷ್ಯನೇ ಬರೆದಿದ್ದ: ಪತ್ರಗಳು ಗೂಢಲಿಪಿಯಲ್ಲಿ ಸಾಗುತ್ತವೆ, ಆದರೂ ನಮ್ಮ ಇಬ್ಬರು ಎಂಜಿನಿಯರುಗಳು ಮನಸ್ಸು ಮಾಡಿದರೆ ಓದಬಹುದು, ಹಾಗೆ ತೆರೆದರೆ ಅದು ದಾಖಲಾಗುತ್ತದೆ, ನಿಮಗೂ ತಿಳಿಸುತ್ತೇವೆ.

"ಓದಬಹುದು ಅಂತ ಅವನೇ ಒಪ್ಪಿಕೊಂಡಿದ್ದಾನೆ. ಇವನನ್ನು ಬಿಟ್ಟುಬಿಡುವ, ಮಾವ" ಎಂದೆ.

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಒಪ್ಪಿಕೊಂಡನಲ್ಲ ಮಾರಾಯ್ತಿ! ಉಳಿದ ನಾಲ್ವರು ಬಾಯಿ ಬಿಟ್ರಾ?"

ಖಾತೆ ತೆರೆದದ್ದಾಯಿತು. ಬಿಡದೆ ನನಗೂ ಅಲ್ಲೇ ಒಂದು ಮಾಡಿಸಿದರು. ಪಾಸ್‌ವರ್ಡ್ ಮರೆತರೆ ಗುರುತಿಗೆಂದು ಕೇಳುವ ಗುಟ್ಟಿನ ಪ್ರಶ್ನೆ ಬಂತು: ನಿಮ್ಮ ಹುಟ್ಟೂರು ಯಾವುದು? ನಾನು ಬರೆಯಹೊರಟೆ. ಮಾವ ತಡೆದರು.

"ಉಪ್ಪಿನಕಾಯಿ ಅಂತ ಹಾಕು."

"ಊರು ಕೇಳಿದ್ರೆ ಉಪ್ಪಿನಕಾಯಿ ಅನ್ನೋದಾ?"

"ಕಳ್ಳನಿಗೆ ಸತ್ಯ ಹೇಳ್ಬೇಕು ಅಂತ ಯಾವ ಶಾಸ್ತ್ರದಲ್ಲುಂಟು?"

ಆಗ ನಾನು ನುಂಗಂಬಾಕ್ಕಂನ ಒಂದು ಆಫೀಸಿಗೆ, ಅಂಬತ್ತೂರಿನವರಿಗೆ ತಿಳಿಯದ ಹಾಗೆ ಗುಟ್ಟಾಗಿ ಅರ್ಜಿ ಹಾಕುವವಳಿದ್ದೆ. ಹೊಸ ವಿಳಾಸವನ್ನೇ ಕೊಡಬೇಕೆಂದು ಮಾವ ಹಟ ಹಿಡಿದರು. ಜಗಳ ಬೇಡವೆಂದು ಕೊಟ್ಟೆ. ಸಂದರ್ಶನವೂ ಮುಗಿದು, ಉತ್ತರಕ್ಕೆ ಕಾಯುತ್ತಿದ್ದೆ.

ಒಂದು ಸೋಮವಾರ ಅಂಬತ್ತೂರಿಗೆ ಹೋದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ನನ್ನ ಹಳೆಯ ಪುಕ್ಕಟೆ ಖಾತೆಯಿಂದ, ಮ್ಯಾನೇಜರರ ಹೊಟ್ಟೆಯನ್ನು ವರ್ಣಿಸುವ ಪತ್ರವೊಂದು ಇಡೀ ಆಫೀಸಿಗೆ ಹೋಗಿತ್ತು! ತೆರೆಯಹೋದರೆ ಯಾರೋ ಪಾಸ್‌ವರ್ಡನ್ನೇ ಬದಲಾಯಿಸಿದ್ದರು. ಅಲ್ಲೂ ಗುಟ್ಟಿನ ಪ್ರಶ್ನೆ ಹುಟ್ಟೂರಿನದೇ. ಊರಿನ ಬಣ್ಣನೆ ಮಾಡಿ ಮಾಡಿ ಆಫೀಸಿನ ತಲೆ ತಿಂದವಳು ನಾನು. ಉತ್ತರ ಯಾರಿಗೆ ಗೊತ್ತಿರಲಿಲ್ಲ?

ಅಳುತ್ತಾ ಮ್ಯಾನೇಜರರ ಮುಂದೆ ನಿಂತೆ. ಅವರು ಪತ್ರವನ್ನು ಮತ್ತೊಮ್ಮೆ ಓದಿ, "ಅಳಾದೇಮ್ಮಾ, ನೀ ಎಳುದಲೆ. ಉನ್ ಇಂಗ್ಲಿಷ್ ಇವ್ವಳವು ನಲ್ಲಾ ಇರುಕ್ಕಾದು" ಎಂದರು. ಅದನ್ನು ಬರೆದವಳು ನಾನಲ್ಲವಂತೆ, ನನ್ನ ಇಂಗ್ಲಿಷ್ ಇಷ್ಟು ಚೆನ್ನಾಗಿರುವುದಿಲ್ಲವಂತೆ! ಅವಮಾನದಿಂದ ಇಷ್ಟು ನೆಮ್ಮದಿ ಎಂದಾದರೂ ಸಿಕ್ಕೀತೇ?

ಆದರೆ ಹೊಸ ಕೆಲಸದ ಗುಟ್ಟೂ ಹೊರಬಿದ್ದಿದ್ದರೆ? ಸಂಜೆ ಮಾವನೊಂದಿಗೆ ಸೆಂಟರಿಗೆ ಓಡಿ ಹೊಸ ಖಾತೆ ತೆರೆದೆ. ಎಲ್ಲ ಇದ್ದ ಹಾಗೇ ಇತ್ತು. ಮೇಲುಗಡೆಯೇ ಕೆಲಸದ ಆದೇಶ!

"ಬದುಕಿದೆ ಮಾವ!" ಎಂದೆ.

ಮನೆಗೆ ನಡೆಯುವಾಗ, ಅವರಿಗೆ ಈ ಹೆದರಿಕೆ ಎಲ್ಲಿಂದ ಬಂತೆಂದು ಕೇಳಿದೆ.

"ಮದುವೆಯಾದ ಹೊಸತು. ನಾನಿಲ್ಲಿ ಮೆಸ್ಸಿನಲ್ಲಿದ್ದೆ, ನಿನ್ನ ಅತ್ತೆ ಊರಲ್ಲಿ. ಅವಳ ಮೊದಲ ಕಾಗದವನ್ನು ಜೊತೆಯವರು ಒಡೆದು, ಊಟಕ್ಕೆ ಕೂತಾಗ ಎಲ್ಲರೆದುರು ಗಟ್ಟಿಯಾಗಿ ಓದಿದ್ರು. ಅವಳ ಅಕ್ಷರತಪ್ಪಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ ಮಾರಾಯ್ತಿ. ಹೇಗೋ ಅದು ಅವಳ ಕಿವಿಗೆ ಬಿತ್ತು. ಮತ್ತೆ ಅವಳು ನನಗೆ ಒಂದಕ್ಷರ ಬರೀಲಿಲ್ಲ."

ಆ ಭಾನುವಾರ ಅತ್ತೆಯೂ ನಮ್ಮೊಂದಿಗೆ ಸೆಂಟರಿಗೆ ಬಂದರು. ಮಾವ ಅವರಿಗೊಂದು ಖಾತೆ ತೆರೆಸಿಕೊಟ್ಟು, ತಾವು ಬಾಗಿಲ ಹೊರಗೆ ಹೋಗಿ ಬೀದಿ ನೋಡುತ್ತಾ ನಿಂತರು. ಅತ್ತೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ, ಇಂಗ್ಲಿಷ್ ಲಿಪಿಯಲ್ಲಿ ಕನ್ನಡವನ್ನು ಮುಕ್ಕಾಲು ಗಂಟೆ ಬರೆದರು. ಮಾವನ ವಿಳಾಸಕ್ಕೆ ಕಳಿಸಿ ಎದ್ದು, "ಆಯ್ತು, ಓದಿ" ಎಂದರು.

ಮಾವ ಒಳಬಂದು ತಮ್ಮ ಖಾತೆ ತೆರೆದು ಕೂತರು. ನಾಲ್ಕೈದು ಸಾಲಿರಬೇಕು. ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. ಅತ್ತೆ ಅವರ ಹಿಂದೆ ನಿಂತು ಸೆರಗಿನ ತುದಿ ಸುತ್ತುತ್ತಿದ್ದರು. ಅದರಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ. ಇಂದಿಗೂ ನನಗೆ ಗೊತ್ತಿಲ್ಲ.