ಒಂಬತ್ತನೇ ನಂಬರಿನ ಪ್ರೀತಿ

"ನನ್ನ ಸೇವೆ ಇನ್ನು ಬೇಕಿಲ್ಲ ಅಂತ ಬರೆದಿದ್ದೀರಲ್ಲ, ನಾನೇನು ನಿಮ್ಮನೇಲಿ ಸಂಬಳಕ್ಕಿದ್ನಾ?"

ಕುಶಾಲನಗರದ ತವರಿನಿಂದ ಮೊದಲ ಬಸ್ಸಿಗೇ ಬಂದಿಳಿದ ಮಹಾದೇವಮ್ಮ, ಕೈಚೀಲವನ್ನೂ ಕೆಳಗಿಡದೆ ಎಸ್ಟೇಟ್ ಆಫೀಸಿನೊಳಗೆ ನಿಂತು ಗಂಡನ ಮೂಗಿನೆದುರು ಕಾಗದ ಹಿಡಿದಿದ್ದಳು. ಎಂಟು ದಿನದೊಳಗೆ ಕೂಲಿಯವರ ಲೈನ್ ಮನೆ ಖಾಲಿ ಮಾಡತಕ್ಕದ್ದು ಎಂಬಲ್ಲಿಯವರೆಗೂ ಓದಿ ಹೇಳಿದಳು. ಕೆಳಗೆ ಅವಳ ಗಂಡ, ಎಸ್ಟೇಟಿನ ಗುಮಾಸ್ತ ರೈಟರ್ ಜವರಪ್ಪನದೇ ರುಜು.

ಜವರಪ್ಪನ ಬೆರಳು ಹೊಸ ಕನ್ನಡ ಟೈಪ್‌ರೈಟರಿನ ಮೇಲೆಯೇ ಮರಗಟ್ಟಿತು. ಬರೆದದ್ದನ್ನೇ ಬರೆದು ಸಾಕಾಗಿ, ಅವನು ಕಾಗದಗಳ ಒಕ್ಕಣೆಯನ್ನೆಲ್ಲ ನಂಬರು ಹಾಕಿ ನೋಟ್‌ಬುಕ್ಕಿಗೆ ಇಳಿಸಿದ್ದ. ಎಲ್ಲಿ ಸಾಲು ಒಳಸರಿಯಬೇಕು, ಹೆಸರಿಗೆ ಎಷ್ಟು ಜಾಗ ಬಿಡಬೇಕು ಎಂಬುದು ಸಹಿತ. ತೋಟದ ಸಾವುಕಾರ ಬೆಳ್ಯಪ್ಪ ಚೀಟಿಯಲ್ಲಿ ಹೆಸರು, ನಂಬರು ಗೀಚಿದರೆ ಸಾಕು, ಕಾಗದ ತಯಾರು. ಒಬ್ಬನ ಅನ್ನ ಕಿತ್ತುಕೊಳ್ಳಲು ಈಗ ಒಂದು ವಾಕ್ಯದ ಶ್ರಮವೂ ಇರಲಿಲ್ಲ. ೬ ಎಂದರೆ ಮುಗಿಯಿತು.

"ತಪ್ಪು ಅಂಕಿದು ಕಣೇ. ೬, ೯ ಎರಡೂ ಅವಳಿ ಮಕ್ಳಿದ್ದಂಗೆ. ನಿಂಗೆ ಒಂಬತ್ತು ಬರ್ಬೇಕಿತ್ತು, ಆರು ಬಂದೈತೆ."

"ನನಗೂ ಒಂದು ನಂಬರಾ?"

ಅವನು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವಳು ನೋಟ್‌ಬುಕ್ ತೆರೆದಿದ್ದಳು. 'ನನ್ನ ಮುದ್ದಿನ ..........., ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ಮುನಿಸು ಬಿಡು. ಇನ್ನು ನೀನು ಹೇಳಿದ್ದೇ ಆಗಲಿ. ಕೂಡಲೇ ಬಾ.'

"ಹೋದ ಸಲದ್ದೂ ಇದೇಯಾ?"

"ಹೂಂ."

"ಅದರ ಹಿಂದಿನದ್ದು?"

"ಅದನ್ನ ನೋಡ್ಕಂಡೇ ಇದನ್ನ ಇಳಿಸಿದ್ದು."

"ಹೆಸರಿಗೆ ಚುಕ್ಕಿ ಯಾಕೆ? ಎಷ್ಟು ಜನಕ್ಕೆ ಹೋಗುತ್ತೆ ಇದು?"

"ಅದು ಪದ್ಧತಿ ಕಣೇ."

"ಸರಿ, ನನ್ನ ಒಂಬತ್ತು ಈಗ ಯಾರ ಹತ್ರ ಐತೆ?"

"ಮಾರಿ ಹತ್ರ."

"ಯಾರವಳು?"

"ಅವಳಲ್ಲ. ಮರಗಸಿಗೆ, ಕೊಂಬೆ ಕಡಿಯೋಕೆ ಮರ ಹತ್ತೋನು. ಇಷ್ಟುದ್ದ ಮೀಸೆ."

"ಮೀಸೆಗೆ ಮುದ್ದಿನ ಅಂತ ಬರೆದ್ರಾ?"

"ರುಜು ನಂದಲ್ಲ, ಸಾವುಕಾರರದ್ದು."

ಲೈನ್ ಮನೆ ಸೋರುತ್ತದೆ, ಹೆಂಚು ಹಾಕಿಸಿ ಎಂದು ಕೇಳಿದ್ದು ಮಾರಿಯ ಅಪರಾಧ; ಅದಕ್ಕೇ ಚೀಟಿಯಲ್ಲಿ ಅವನ ಹೆಸರಿಗೆ ೬ ಬಿದ್ದಿತ್ತು. ಸಾವುಕಾರರಿಗೆ ವಿಷಯ ತಿಳಿದರೆ ಮುಂದಿನ ೬ ತನಗೇ ಎಂದು ಜವರಪ್ಪ ಬೆವರುತ್ತಿರುವಾಗಲೇ, ಹೆಗಲಿಗೆ ಕತ್ತಿ ಏರಿಸಿಕೊಂಡು ಸಾಕ್ಷಾತ್ ಮಾರಿಯೇ ಬಾಗಿಲಿಗೆ ಬಂದ.

"ನಾನ್ ಹೇಳಿದ್ದೇ ಆಗ್ಲಿ ಅಂತ ಸಾವ್ಕಾರ್ರು ಬರ್ಸವ್ರೆ ಬುದ್ಧಿ. ಹೆಂಚು ಯಾವತ್ತು ಬರ್ತದೆ?"

ಜವರಪ್ಪ ಅವಸರದಲ್ಲಿ ಹೊಸ ಹಾಳೆ ಸಿಕ್ಕಿಸಿ ೬ರ ಪುಟ ಹುಡುಕತೊಡಗಿದ. ಮಹಾದೇವಮ್ಮ ಕೀಲಿಗಳ ಮೇಲೆ ಕೈ ಇಟ್ಟಳು.

"ಟೈಪ್ ಬೇಡ. ಅವನ ಮುಖ ನೋಡ್ಕಂಡು ಬಾಯಲ್ಲಿ ಹೇಳಿ."

ಜವರಪ್ಪ ಬಾಯಿ ತೆರೆದ. ನೂರು ಸಲ ಟೈಪ್ ಮಾಡಿದ ವಾಕ್ಯ ಒಮ್ಮೆಯೂ ನಾಲಿಗೆಗೆ ಬರಲಿಲ್ಲ. ಅಷ್ಟರಲ್ಲಿ ಗಲಾಟೆ ಕೇಳಿ ಬೆಳ್ಯಪ್ಪ ಒಳಕೋಣೆಯಿಂದ ಬಂದವರು, ಮಾರಿಯನ್ನು ಕಂಡು ಹುಬ್ಬು ಗಂಟಿಕ್ಕಿ, ಇವನಿಗೆ ಕಾಗದ ತಲುಪಲಿಲ್ಲವೇ ಎಂದು ಕೇಳಿದರು.

ಜವರಪ್ಪ ಹೆಂಡತಿಯ ಕಡೆ ನೋಡಿದ. ಅವಳು ಕೈ ತೆಗೆದಿರಲಿಲ್ಲ.

"ತಲುಪೈತೆ ಸ್ವಾಮಿ. ರುಜು ತಮ್ದೇ. ತಾವು ಓದಿ ಹಾಕಿದ್ರೋ, ಹಂಗೇ..."

"ಓದದೆ ರುಜು ಹಾಕೋನಲ್ಲ ಕಣಯ್ಯ ನಾನು. ಒಂದೊಂದು ಅಕ್ಷರನೂ ನಂದೇ ಅಂತ ತಿಳ್ಕೊ."

ಮಾರಿ ಕತ್ತಿ ಕೆಳಗಿಟ್ಟು ಕೈ ಮುಗಿದ.

"ಓದ್ಸಿ ಕೇಳಿ ನಂಗೂ ಅಳು ಬಂತು ಸಾವ್ಕಾರ್ರೇ. ಒಳಗೊಳಗೇ ಇಷ್ಟೊಂದು ಕೊರಗ್ತಿದ್ರೆ ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ?"