ನನ್ನ ಷಡ್ಡಕನ ಹಳದಿ ಕಾಲಿನ ಹಕ್ಕಿ

ನನ್ನ ಷಡ್ಡಕನಷ್ಟು ಯೋಗ್ಯತೆಯಿಲ್ಲದ ಪಕ್ಷಿವೀಕ್ಷಕ ಈ ಭೂಮಂಡಲದಲ್ಲಿಲ್ಲ. ಅವನಷ್ಟು ಹಕ್ಕಿ ಕಂಡವನೂ ಇಲ್ಲ. ನನ್ನ ಹೊಟ್ಟೆ ಉರಿಯುತ್ತಿರುವುದು ಎರಡನೆಯ ಮಾತಿಗೆ.

ನಾನು ಈ ವಿದ್ಯೆಯಲ್ಲಿ ಮೂವತ್ತು ವರ್ಷ ಸವೆಸಿದ ಮಲ್ಲೇಶ್ವರದವನು. ಜರ್ಮನಿಯಿಂದ ತರಿಸಿದ ದುರ್ಬೀನಿದೆ, ಒಂಬತ್ತು ಜೇಬಿನ ಹಸಿರು ಕೋಟಿದೆ. ಅವನೋ, ನನ್ನ ನಾದಿನಿಯ ಗಂಡ, ಬಸವನಗುಡಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹಕ್ಕಿಗಳ ಹಿಂದೆ ಬಿದ್ದು ಮೂರು ವರ್ಷವಾಗಿಲ್ಲ. ಅವನ ದುರ್ಬೀನು ಕೊರಳಿಗೆ ನೇತಾಡುವುದು ಪೈಜಾಮದ ಲಾಡಿಯಿಂದ! ಹಕ್ಕಿ ಕಂಡರೆ ಮೊದಲು ಚಪ್ಪಲಿ ಬಿಡುತ್ತಾನೆ. ಯಾಕಯ್ಯಾ ಎಂದರೆ, ಅವರ ಮನೆಗೆ ಬಂದಿದ್ದೇವಲ್ಲ ಎನ್ನುತ್ತಾನೆ. ಒಮ್ಮೆ ಹಾಗೆ ಬಿಟ್ಟ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಹೋಗಿ, ಮಹಾಶಯ ಬರಿಗಾಲಲ್ಲೇ ಮೆಟ್ರೊ ಹತ್ತಿದ. ಇಂಥವನೆದುರು ಅಪರೂಪದ ಹಕ್ಕಿಗಳೆಲ್ಲ ಬಂದು ಕೂರುತ್ತವೆ, ಫೋಟೊ ತೆಗೆಸಿಕೊಳ್ಳುವ ಮದುಮಕ್ಕಳ ಹಾಗೆ. ನನ್ನ ಕೋಟು ಅವುಗಳ ಕಣ್ಣಿಗೆ ಬೀಳುವುದಿಲ್ಲವೆ?

ಕಳೆದ ಚಳಿಗಾಲದಲ್ಲಿ ಇಬ್ಬರೂ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೋದೆವು. ನೀರಂಚಿನಲ್ಲಿ ಗಲ್ ಎಂಬ ಬಿಳಿಯ ಕಡಲಹಕ್ಕಿಗಳ ಗುಂಪು. ಎಲ್ಲ ಮಾಮೂಲಿ, ಕೆಂಪು ಕಾಲಿನವು. ನಡುವೆ ಒಂದು ಮಾತ್ರ ದೊಡ್ಡದು. ಬೆನ್ನು ಸ್ಲೇಟಿನಂತೆ ಕಪ್ಪು. ಷಡ್ಡಕ ಚಪ್ಪಲಿ ಬಿಟ್ಟ.

"ಭಾವ, ಅದರ ಕಾಲು ಹಳದಿ ಅಲ್ವಾ?"

ಹಳದಿಯೇ. ಸಮುದ್ರ ಬಿಟ್ಟು ಇಷ್ಟು ಒಳಗೆ ಬರುವುದೇ ಅಪರೂಪವಾದ ಕಪ್ಪುಬೆನ್ನಿನ ಗಲ್; ಮೂವತ್ತು ವರ್ಷ ನಾನು ಕಾದದ್ದು ಅದಕ್ಕೇ. ಅದನ್ನು ಮೊದಲು ಗುರುತಿಸಿದವನು ಲಾಡಿಯವನು! ಹೈಕೋರ್ಟಿನ ಗಾಂಭೀರ್ಯದಿಂದ, ಕಾಲಿಗೆ ಕೆಸರು ಮೆತ್ತಿರಬೇಕು ಎಂದು ತೀರ್ಪು ಕೊಟ್ಟೆ. ಬೆನ್ನಿನ ಕಪ್ಪಿಗೆ ಏನಂತೀರಿ ಎಂದ. ಅದು ನೆರಳು ಎಂದೆ. ಅವನು ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಂಡು, ಕಾಲಿನ ಪಕ್ಕ 'ಹಳದಿ?' ಎಂದು ಸೇರಿಸಿದ. ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಹಕ್ಕಿ ಅಕ್ಕಿಕಾಳಿನಷ್ಟಿತ್ತು.

ಫೋಟೊ ಸರಿಯಿಲ್ಲದಿದ್ದರೆ, ಜೊತೆಗಿದ್ದವರು ಹೌದು ಎಂದ ಮೇಲೆಯೇ ಹಕ್ಕಿ ಪಟ್ಟಿಗೆ ಸೇರಬೇಕು. ಇದು ನಮ್ಮ ಪಕ್ಷಿಬಳಗದ ಕಟ್ಟಳೆ; ಮಾಡಿದವನು ನಾನೇ. ಭಾನುವಾರ ಗಾಂಧಿಬಜಾರಿನ ಹೋಟೆಲಿನಲ್ಲಿ ಅವನ ಚಿತ್ರ ಕೈಯಿಂದ ಕೈಗೆ ಹೋಯಿತು. ಬಳಗದ ಹಿರಿಯರು ನನ್ನತ್ತ ತಿರುಗಿ, ನೀವೇನು ಕಂಡಿರಿ ಎಂದು ಕೇಳಿದರು. ನಾನು ಕಾಫಿ ಊದತೊಡಗಿದೆ. ಆರಿ ತಣ್ಣಗಾಗಿದ್ದ ಕಾಫಿಯನ್ನು.

ಷಡ್ಡಕ ನನ್ನ ಮುಖ ನೋಡಿದ. ಆಮೇಲೆ ಜೇಬಿನಿಂದ ರಬ್ಬರು ತೆಗೆದ.

"ಭಾವನಿಗೆ ಅನುಮಾನ ಇದ್ರೆ ಬೇಡ ಸಾರ್. ನಂಗೆ ಹಕ್ಕಿ ನೋಡೋದು ಕಲಿಸಿದ್ದೇ ಅವರು. ಅವರ ಕಣ್ಣಿನ ಮುಂದೆ ನನ್ನದೇನು?"

ಯಾವ ಬೇಸರವೂ ಇಲ್ಲದೆ ಅಳಿಸತೊಡಗಿದ. ಒಂದು ಕಾಲು ಹೋಯಿತು. ಇನ್ನೊಂದಕ್ಕೆ ಬರುವಷ್ಟರಲ್ಲಿ ನಾನು ಅವನ ಕೈ ಹಿಡಿದುಕೊಂಡಿದ್ದೆ.

"ಹಳದಿನೇ ಕಣೋ. ಅವತ್ತೇ ನೋಡಿದ್ದೆ."

ಪಟ್ಟಿಯಲ್ಲಿ ಅವನ ಹೆಸರು ಬಂತು, ಸಾಕ್ಷಿಯಾಗಿ ನನ್ನದು. ಚಿತ್ರದ ಹಕ್ಕಿ ಮಾತ್ರ ಇಂದಿಗೂ ಒಂಟಿಕಾಲಲ್ಲಿದೆ. ಇನ್ನೊಂದನ್ನೂ ಬರೆದುಬಿಡೋ ಎಂದು ಎಷ್ಟು ಸಲ ಬೇಡಿದ್ದೇನೆ. ಇರಲಿ ಬಿಡಿ ಭಾವ, ಅವು ಹಾಗೂ ನಿಂತ್ಕೊಳ್ತವೆ, ಎನ್ನುತ್ತಾನೆ.