ಕೈಯಲ್ಲೇ ಜೋಡಿಸಿದ ನೌಕೆ

ಕೃಷ್ಣಕಿಶೋರ್ ಹೇಳಿದ್ದು ಒಂದೇ ಒಂದು ಸುಳ್ಳು. ಶುಕ್ರವಾರ ರಾತ್ರಿ ಕಂಪ್ಯೂಟರ್ ಆಟದಲ್ಲಿ ಅವನ ಬಾಹ್ಯಾಕಾಶ ನೌಕೆ ಹೋಗಿ ನಿಲ್ದಾಣಕ್ಕೆ ಮೆತ್ತಗೆ ಕೂಡಿಕೊಂಡಾಗ ಮಗಳು ಮಾನ್ಯಾ ಕಣ್ಣರಳಿಸಿ, "ನೀವೇ ಮಾಡಿದ್ದಾ ಪಪ್ಪ?" ಎಂದು ಕೇಳಿದಳು.

"ಮತ್ತೆ ಯಾರು? ಕೈಯಲ್ಲೇ!" ಎಂದುಬಿಟ್ಟ.

ನಿಜಕ್ಕೂ ಆ ಕೆಲಸವನ್ನೆಲ್ಲ ಮಾಡುತ್ತಿದ್ದದ್ದು ಅವನು ಇಂಟರ್‌ನೆಟ್ಟಿನಿಂದ ಇಳಿಸಿ ಆಟಕ್ಕೆ ಸೇರಿಸಿಕೊಂಡಿದ್ದ ಆ್ಯಡ್‌ಆನ್ ಎಂಬ ಪುಟ್ಟ ತಂತ್ರಾಂಶ. ಇವನ ಪಾಲಿಗೆ ಉಳಿದದ್ದು ಒಂದು ಬಟನ್ ಒತ್ತಿ ಚಾ ಕುಡಿಯುವುದು. ತನ್ನ ಬದಲು ಬೆಕ್ಕನ್ನು ಕೂರಿಸಿದರೂ ನಡೆಯುತ್ತದೆಂದು ಅವನಿಗೇ ಗೊತ್ತಿತ್ತು.

ಬಾಯಿ ಬಿಟ್ಟರೆ ಬಣ್ಣಗೇಡು. ಭಾನುವಾರ ಬೆಳಗಾಗುವಷ್ಟರಲ್ಲಿ ಮಾನ್ಯಾಳ ಬಾಯಿಂದ ಉರ್ವದ ಅವರ ಫ್ಲ್ಯಾಟುಗಳಿಗೆಲ್ಲ ಸುದ್ದಿ ಮುಟ್ಟಿತು. ಎದುರುಮನೆಯ ಚಾರ್ಲ್ಸ್, ಹೆಂಡತಿ ಆಗ್ನೆಸ್ ಜೊತೆ ಬಂದೇಬಿಟ್ಟರು. ಬಂದರಿನಲ್ಲಿ ಮೂವತ್ತು ವರ್ಷ ಹಡಗುಗಳನ್ನು ದಕ್ಕೆಗೆ ತಂದು ನಿಲ್ಲಿಸಿದ ಮನುಷ್ಯ.

"ನಮ್ಮದೇ ಕೆಲಸ ಅಲ್ವಾ ಮಾರಾಯ್ರೆ! ತೋರಿಸಿ, ನೋಡುವ," ಎಂದು ಕುರ್ಚಿ ಎಳೆದುಕೊಂಡರು.

ಕೃಷ್ಣಕಿಶೋರ್ ಗುಟ್ಟಾಗಿ ಬಟನ್ ಒತ್ತಿದ. ನೌಕೆ ಕದಲಲಿಲ್ಲ. ಮತ್ತೆ ಒತ್ತಿದ.

"ಅದರಲ್ಲಿ ಎಂತದೋ ಆ್ಯಡ್‌ಆನ್ ಉಂಟಲ್ಲ ಪಪ್ಪ, ಅದನ್ನು ಬೆಳಿಗ್ಗೆಯೇ ತೆಗೆದೆ. ನಿಮಗೆ ಅದೆಲ್ಲ ಎಂತಕ್ಕೆ?" ಮಾನ್ಯಾ ಹೆಮ್ಮೆಯಿಂದ ಹೇಳಿದಳು.

ಕೃಷ್ಣಕಿಶೋರ್ ಕೀಬೋರ್ಡನ್ನು ಹತ್ತಿರ ಎಳೆದುಕೊಂಡ. ನೆರೆಯವರು ನಕ್ಕರೆ ನಗಲಿ, ಮಗಳ ಕಣ್ಣಲ್ಲಿ ಸುಳ್ಳುಗಾರನಾಗುವುದು ಹೇಗೆ? ಬೆವರುತ್ತ ಕೀಬೋರ್ಡ್ ಕುಟ್ಟಿದ. ನೌಕೆ ಮದುವೆ ಊಟಕ್ಕೆ ತಡವಾಗಿ ಬಂದು ಖಾಲಿ ಎಲೆ ಹುಡುಕುವವನಂತೆ ನಿಲ್ದಾಣದ ಸುತ್ತ ಅಲೆಯಿತು. ಒಂದು ಸೋಲಾರ್ ಫಲಕವನ್ನು ಮುರಿದೂ ಹಾಕಿತು.

"ಎಡಕ್ಕೆ, ಎಡಕ್ಕೆ! ನಿಧಾನ ಮಾರಾಯ್ರೆ!" ಚಾರ್ಲ್ಸ್ ಎದ್ದು ನಿಂತು ಕೈ ಬೀಸತೊಡಗಿದರು.

"ನೀವು ಸುಮ್ಮನೆ ಕೂತುಕೊಳ್ಳಿ. ಅಷ್ಟು ಗೊತ್ತಿರುವವರಿಗೆ ನೀವು ಎಂತ ಕಲಿಸುವುದು?" ಆಗ್ನೆಸ್ ಗಂಡನನ್ನು ಗದರಿದರು. ಕೃಷ್ಣಕಿಶೋರನಿಗೆ ಅದು ಇನ್ನೂ ಚುಚ್ಚಿತು.

"ಫ್ಯುಯೆಲ್ ಖಾಲಿ ಆಗ್ತಾ ಉಂಟು ಪಪ್ಪ..." ಮಾನ್ಯಾಳ ದನಿ ಸಣ್ಣಗಾಯಿತು.

ಮನೆದೇವರಿಗೆ ಒಂದು ಹೂವಿನ ಪೂಜೆಯ ಹರಕೆ ಹೇಳಿಕೊಂಡು ಕಡೆಯ ಸಲ ಕೀಲಿ ಒತ್ತಿದ. ನೌಕೆ ಓರೆಯಾಗಿ ಜಾರಿತು, ಬಾಗಿಲಿಗೆ ಬಾಗಿಲು ತಾಗಿತು, ಟಕ್ಕೆಂದು ಕೂತೇಬಿಟ್ಟಿತು!

ಚಾರ್ಲ್ಸ್ ಚಪ್ಪಾಳೆ ಹೊಡೆದರು. ಮಾನ್ಯಾ ಬಂದು ಅಪ್ಪನನ್ನು ತಬ್ಬಿಕೊಂಡಳು. ಕೃಷ್ಣಕಿಶೋರನಿಗೆ ಸಂತೋಷ ತಡೆಯಲಾಗಲಿಲ್ಲ. ಎರಡೂ ಕೈ ಮೇಲೆತ್ತಿ ಕೂಗಿದ:

"ನೋಡಿದ್ರಾ ಮಾರಾಯ್ರೆ! ಆ್ಯಡ್‌ಆನ್ ಇಲ್ಲದೆ ಮಾಡಿದೆ! ಜೀವಮಾನದಲ್ಲಿ ಇದೇ ಮೊದಲ ಸಲ!"

ಚಪ್ಪಾಳೆ ನಿಂತಿತು. ಮಾನ್ಯಾ ಮೆಲ್ಲಗೆ ಕೈ ಬಿಡಿಸಿಕೊಂಡು ಅಪ್ಪನ ಮುಖ ನೋಡಿದಳು.

"ಹಾಗಾದ್ರೆ ಮೊನ್ನೆ ಮಾಡಿದ್ದು ಯಾರು ಪಪ್ಪ?"